ಬೀರುವಿನೊಳಗಿನ ಗಡಿಯಾರ

ಹನ್ನೊಂದು ತಿಂಗಳ ಸಂಬಳ ಇವತ್ತಿಗೂ ಬಾಕಿ. ವಿಡಿಯೊ ಗೇಮ್ ಅಂಗಡಿ ಮುಚ್ಚಿದ ದಿನ ಮಾಲೀಕ, ಅಲ್ಲಿನ ಯಂತ್ರಗಳನ್ನು ಸರಿಮಾಡುತ್ತಿದ್ದ ರಿಪೇರಿಯಣ್ಣನಿಗೆ ದುಡ್ಡಿನ ಬದಲು ಮೂಲೆಯಲ್ಲಿದ್ದ ಒಂದು ಯಂತ್ರ ತೋರಿಸಿ, "ಇದನ್ನ ಹೊತ್ಕೊಂಡು ಹೋಗು, ನಿಂಗೂ ನಂಗೂ ಚುಕ್ತಾ" ಎಂದು ಹೇಳಿ ಜಾರಿಕೊಂಡ. ಚುಕ್ತಾ ಆಗಿಲ್ಲ. ಸಂಬಳವೆಂದರೆ ಸಂಬಳ, ಯಂತ್ರವೆಂದರೆ ಯಂತ್ರ. ಒಲೆಯ ಮೇಲಿಟ್ಟರೆ ಯಂತ್ರ ಬೇಯುವುದಿಲ್ಲ. ರಿಪೇರಿಯಣ್ಣ ಹದಿನೆಂಟು ವರ್ಷಗಳಿಂದ ಈ ಮಾತನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದಾನೆ. ಯಾರೂ ಸಿಗದ ದಿನ ಗೋಡೆಗೆ ಹೇಳುತ್ತಾನೆ.

ಯಂತ್ರ ಬಂದು ಅವನ ಮನೆಯ ಹಾಲಿನಲ್ಲಿ, ಇದ್ದೊಂದು ಕಿಟಕಿಗೆ ಅಡ್ಡವಾಗಿ ನಿಂತುಬಿಟ್ಟಿತು. ಆಳೆತ್ತರ. ಎರಡು ಮೂಟೆ ಸಿಮೆಂಟಿನ ತೂಕ. ಪಕ್ಕದಲ್ಲಿ ಬಣ್ಣ ಹಾರಿದ ಒಬ್ಬ ಜಟ್ಟಿ ಹಲ್ಲು ಕಿರಿದುಕೊಂಡು ನಿಂತಿದ್ದಾನೆ. ಮುಂದೆ ಒಂದು ಕೋಲು, ಆರು ಗುಂಡಿ, ಅದರ ಮೇಲೆ ಪರದೆ. ಪರದೆಯೊಳಗೆ ಎಂಟು ಜನ ಗುದ್ದಾಡುವವರು. ಕಾಯಿನ್ ಹಾಕಿದರೆ ಇಬ್ಬರು ಎದುರು ಬದುರು ಬಂದು ನಿಲ್ಲುತ್ತಾರೆ, ಮೇಲೆ ತೊಂಬತ್ತೊಂಬತ್ತು ಎಂಬ ಅಂಕಿ ಮೂಡಿ ಇಳಿಯತೊಡಗುತ್ತದೆ, ಅದು ಸೊನ್ನೆಯಾಗುವುದರೊಳಗೆ ಒಬ್ಬ ಇನ್ನೊಬ್ಬನನ್ನು ಮಲಗಿಸಬೇಕು. ಇಲ್ಲದಿದ್ದರೆ ಕಡಿಮೆ ಏಟು ತಿಂದವನು ಗೆದ್ದ ಹಾಗೆ. ಇಷ್ಟೇ ಆಟ. ಈ ಆಟದಲ್ಲಿ ರಿಪೇರಿಯಣ್ಣನನ್ನು ಸೋಲಿಸಿದ ಗಂಡಸು ಆ ಪೇಟೆಯಲ್ಲಿ ಹುಟ್ಟಿರಲಿಲ್ಲ. ಹೆಂಗಸರು ಆಡಿರಲಿಲ್ಲ.

ಅವನ ಹೆಂಡತಿ ಅದನ್ನು ಯಂತ್ರ ಎಂದು ಕರೆದವಳೇ ಅಲ್ಲ. "ಬಟ್ಟೆ ಇಡಕ್ಕೆ ಬಾರದ ಬೀರು" ಎನ್ನುತ್ತಿದ್ದಳು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಿಗೆ ತೋಳು ಕೂಡಿಸಿ ಮಂಡಿ ಹಿಡಿದುಕೊಂಡಿತ್ತು. ಇನ್ನು ಮನೆಯಲ್ಲೇ ಹೊಲಿಯುತ್ತೇನೆಂದು ಒಂದು ಓವರ್‌ಲಾಕ್ ಮಷೀನು ಗೊತ್ತುಮಾಡಿ ಬಂದಿದ್ದಳು. ಹೊಲಿಯುವವರಿಗೆ ಬೆಳಕು ಬೇಕು. ಬೆಳಕು ಬೀರುವಿನ ಹಿಂದಿತ್ತು.

"ಸೋಮವಾರ ಓವರ್‌ಲಾಕ್ ಬರತ್ತೆ ರೀ. ಭಾನುವಾರದೊಳಗೆ ನಿಮ್ಮ ಬೀರು ಹೋಗ್ಬೇಕು."

"ಹೋಗ್ಬೇಕು ಅಂದ್ರೆ? ಅದು ನನ್ನ ದುಡಿಮೆ ಕಣೇ."

"ದುಡಿಮೆ ಅಂತಾನೇ ಹದಿನೆಂಟು ವರ್ಷ ಧೂಳು ಹೊಡೆದೆ. ಆ ಆಟ ಈಗ ಟೀವಿಗೆ ಹಾಕೋ ಪೆಟ್ಟಿಗೇಲೇ ಸಿಗತ್ತಂತೆ. ನನ್ನ ತಮ್ಮ ಹೇಳಿದ. ಅದೇ ಆಟ, ಅದೇ ಹೊಡೆದಾಟ. ಊಟದ ಡಬ್ಬಿಯಷ್ಟು ದೊಡ್ಡದು. ಬೇಕಾದ್ರೆ ಅದನ್ನ ಇಟ್ಕೊಳ್ಳಿ."

ಅದೇ ಆಟ ಎಂಬ ಎರಡು ಪದ ರಿಪೇರಿಯಣ್ಣನ ನೆತ್ತಿಗೆ ಹತ್ತಿದವು. ಹೆಂಡತಿ ಇನ್ನೇನು ಬೇಕಾದರೂ ಅಂದಿದ್ದರೆ ನುಂಗಿಕೊಳ್ಳುತ್ತಿದ್ದ. ಅವನು ಎದ್ದು ನಿಂತು, ಎದುರಿಗೆ ಒಬ್ಬಳೇ ಇದ್ದರೂ ಎರಡು ಸಾವಿರ ಜನರಿಗೆ ಕೇಳುವ ಹಾಗೆ ಹೇಳಿದ:

"ಅದು ಅಸಲಿ ಅಲ್ಲ, ನಕಲು. ದುಡ್ಡು ಉಳಿಸೋದಕ್ಕೆ ಆಟದ ಕೈಕಾಲು ಕತ್ತರಿಸಿ ಡಬ್ಬಿಗೆ ತುಂಬಿರೋ ನಕಲು. ಒಂದಲ್ಲ, ಎಷ್ಟು ಪೆಟ್ಟಿಗೆ ಬೇಕಾದ್ರೂ ತರಿಸು. ನನ್ನ ಯಂತ್ರದ ಪಕ್ಕದಲ್ಲಿಟ್ಟು ಒಂದೊಂದರ ಬಣ್ಣಾನೂ ಬಯಲು ಮಾಡ್ತೀನಿ. ಈ ಮನೇಲಿ ವಿಚಾರಣೆ ಇಲ್ಲದೆ ಯಾರನ್ನೂ ಹೊರಗೆ ಹಾಕೋ ಹಾಗಿಲ್ಲ."

ವಿಚಾರಣೆ ಎಂದ ಮೇಲೆ ನಿಯಮ ಬೇಕು. ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಿಗೆ ಅವನೇ ಬರೆದ. ಒಂದು, ಯಂತ್ರಕ್ಕೂ ಪೆಟ್ಟಿಗೆಗೂ ವ್ಯತ್ಯಾಸ ಇದೆಯೆಂದು ಸಾಬೀತಾದರೆ ಯಂತ್ರ ಮನೆಯಲ್ಲೇ ಇರತಕ್ಕದ್ದು. ಆಗದಿದ್ದರೆ ಅದೇ ದಿನ ಗುಜರಿಗೆ. ಎರಡು, ತಂದ ಪೆಟ್ಟಿಗೆಗಳಲ್ಲಿ ಒಂದು ಪಾರಾದರೂ ರಿಪೇರಿಯಣ್ಣ ಸೋತಂತೆ. ಮೂರು, ಬಾಯಿಮಾತು ನಡೆಯುವುದಿಲ್ಲ, ಕಣ್ಣಿಗೆ ಕಾಣುವ ಸಾಕ್ಷಿ ಬೇಕು. ನಾಲ್ಕು, ಸಾಕ್ಷಿ ಯಾರು ಕೇಳಿದರೂ ತೋರಿಸತಕ್ಕದ್ದು, ಮುಚ್ಚಿಡತಕ್ಕದ್ದಲ್ಲ. ನಾಲ್ಕನೆಯದನ್ನು ಬರೆದು ಅದರ ಕೆಳಗೆ ಎರಡು ಗೆರೆ ಎಳೆದ. ಹೆಂಡತಿ ತೀರ್ಪುಗಾರ್ತಿ. ಇಬ್ಬರೂ ಸಹಿ ಹಾಕಿದರು.

ಭಾನುವಾರ ಬೆಳಗ್ಗೆ ಭಾವಮೈದ ಬಂದ. ಅವನದು ಕನ್ನಡಕದಂಗಡಿ. ಗಿರಾಕಿಯ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ, ಒಂದರ ಮೇಲೊಂದು ಗಾಜು ಬದಲಿಸುತ್ತ "ಇದಾ, ಅದಾ?" ಎಂದು ಕೇಳಿ ಕೇಳಿ, ಮದುವೆಗೆ ಹುಡುಗಿ ನೋಡಲು ಹೋದಾಗಲೂ ಅದನ್ನೇ ಕೇಳಿ ಒದೆ ತಪ್ಪಿಸಿಕೊಂಡು ಬಂದವನು. ಕೈಚೀಲದಿಂದ ಮೂರು ಪೆಟ್ಟಿಗೆ ತೆಗೆದು ಟೀವಿಯ ಮುಂದೆ ಸಾಲಾಗಿ ಇಟ್ಟ. ಒಂದು ಓಬೀರಾಯನ ಕಾಲದ ಕ್ಯಾಸೆಟ್ ಪೆಟ್ಟಿಗೆ. ಎರಡನೆಯದು ಡಿಸ್ಕ್ ಪೆಟ್ಟಿಗೆ. ಮೂರನೆಯದು ಹೊಸದು, ಕಪ್ಪಗೆ, ನಿಜಕ್ಕೂ ಊಟದ ಡಬ್ಬಿಯಷ್ಟೇ.

"ಭಾವ, ಮೂರರಲ್ಲೂ ನಿಮ್ಮ ಆಟಾನೇ ಇರೋದು. ನೋಡೋಣ, ಇದಾ, ಅದಾ?"

"ನೀನು ಮೊದಲು ಶುರು ಮಾಡು. ನೋಡೋ ಕಣ್ಣು ನನ್ನ ಹತ್ರ ಇದೆ. ನಿನ್ನ ಗಾಜು ಬೇಡ."

ಕ್ಯಾಸೆಟ್ ಪೆಟ್ಟಿಗೆ ಶುರುವಾಯಿತು. ಹಡಗುಕಟ್ಟೆಯ ಮೇಲೆ ಇಬ್ಬರು ಗುದ್ದಾಡುವ ದೃಶ್ಯ. ಭಾವಮೈದ ಗುದ್ದುವುದರಲ್ಲಿ ಮುಳುಗಿದ. ರಿಪೇರಿಯಣ್ಣ ಗುದ್ದಾಟದ ಕಡೆ ತಿರುಗಿಯೂ ನೋಡಲಿಲ್ಲ. ಅವರ ಹಿಂದೆ ನಿಂತು ಕೈಬೀಸುವ ಜನರನ್ನು ಎಣಿಸಿದ. ಮತ್ತೆ ಎಣಿಸಿದ. ಅವನ ಮುಖ ಕೆಂಪಾಯಿತು.

"ನಿಲ್ಲಿಸು. ಜನ ಎಲ್ಲಿ?"

"ಯಾವ ಜನ?"

"ನನ್ನ ಯಂತ್ರದಲ್ಲಿ ಈ ಕಟ್ಟೆ ಮೇಲೆ ಹನ್ನೊಂದು ಜನ ಇದಾರೆ. ಬಲೆ ಹೊಲಿಯೋ ಮುದುಕ, ಬುಟ್ಟಿ ಹೊತ್ತ ಇಬ್ಬರು ಹೆಂಗಸರು, ಕುಣಿಯೋ ದಪ್ಪನೆಯವನು, ಪೀಪಾಯಿ ಮೇಲೆ ಕೂತವಳು, ಎಲ್ಲ ಸೇರಿ ಹನ್ನೊಂದು. ಒಂದು ನಾಯಿ ಬೇರೆ. ಇಲ್ಲಿ ನಾಲ್ಕು. ಏಳು ಜನಾನ ತೆಗೆದಿದಾರೆ. ಬಲೆ ಹೊಲಿಯೋ ಮುದುಕನ್ನೂ ಬಿಟ್ಟಿಲ್ಲ."

"ಅವು ಚಿತ್ರ ರೀ," ಅಂದಳು ಹೆಂಡತಿ.

"ಚಿತ್ರ ಆದ್ರೇನು, ಹೊತ್ತಿಗೆ ಸರಿಯಾಗಿ ಬಂದು ನಿಲ್ತಿರ್ಲಿಲ್ವಾ? ಒಂದು ದಿನ ರಜೆ ಕೇಳಿದ್ರಾ? ಅಷ್ಟಲ್ದೆ ಆ ನಾಲ್ಕು ಜನಾನ ನೋಡು. ಮೊದಲು ಒಂದು ಕೈ ಬೀಸ್ತಿದ್ರು. ಈಗ ಎರಡೂ ಕೈ ಬೀಸ್ತಿದಾರೆ. ಹನ್ನೊಂದು ಜನರ ಕೆಲಸ ನಾಲ್ಕು ಜನರ ಮೇಲೆ ಹೇರಿದಾರೆ."

ಹೆಂಡತಿ ಬಗ್ಗಿ ನೋಡಿದಳು. ನಿಜ. ನಾಲ್ವರೂ ಉಸಿರು ಬಿಡದೆ ಎರಡೂ ಕೈ ಬೀಸುತ್ತಿದ್ದರು. ಅವಳಿಗೆ ತನ್ನ ಹೊಲಿಗೆ ಸಾಲು ನೆನಪಾಯಿತು. "ನಮ್ಮಲ್ಲೂ ಹೀಗೇ ಮಾಡಿದ್ರು. ಕಾಲರ್ ಹಾಕೋಳನ್ನ ತೆಗೆದು ಕಾಲರೂ ನೀನೇ ಹಾಕು ಅಂದ್ರು. ಬರ್ಕೊಳ್ಳಿ, ಇದು ತಪ್ಪೇ. ಮೊದಲನೇದು ನೀವು ಗೆದ್ರಿ."

ಡಿಸ್ಕ್ ಪೆಟ್ಟಿಗೆಯಲ್ಲಿ ಹನ್ನೊಂದೂ ಜನ ವಾಪಸು ಬಂದಿದ್ದರು. ನಾಯಿಯೂ ಇತ್ತು. ಆದರೆ ಪ್ರತಿ ಗುದ್ದಾಟಕ್ಕೆ ಮೊದಲು ಪರದೆ ಕಪ್ಪಾಗಿ "ತಾಳಿ" ಎಂಬ ಅರ್ಥದ ಏನೋ ಒಂದು ಮಿನುಗುತ್ತಿತ್ತು. ರಿಪೇರಿಯಣ್ಣ ಎದ್ದು ಹೋಗಿ ಮುಖ ತೊಳೆದು, ಟವೆಲಿನಲ್ಲಿ ಕಿವಿಯವರೆಗೂ ಒರೆಸಿಕೊಂಡು ಬಂದ. ಇನ್ನೂ ತಾಳಿ. "ತೊಡೆ ತಟ್ಟಿ ನಿಂತವನನ್ನ ಕತ್ತಲಲ್ಲಿ ಕಾಯಿಸ್ತಾರಲ್ಲ, ಇದೇನು ಸರ್ಕಾರಿ ಕಚೇರಿನಾ?" ಎಂದ. ಆಟ ಬಂದ ಮೇಲೂ ಆ ಎಂಟು ಜನರಲ್ಲಿದ್ದ ಜಡೆಯವಳು ಚಕ್ರದ ಹಾಗೆ ತಿರುಗಿ ಒದೆಯುವಾಗ ಏಳು ಭಂಗಿಗಳ ಜಾಗದಲ್ಲಿ ನಾಲ್ಕೇ ಕಂಡವು. ನಡುವಿನ ಮೂರನ್ನು ನುಂಗಿಹಾಕಿದ್ದರು. ಅವಳು ತಿರುಗಿದ ಹಾಗೆ ಕಾಣಿಸುತ್ತಿರಲಿಲ್ಲ, ಜಾರಿ ಬಿದ್ದ ಹಾಗೆ ಕಾಣಿಸುತ್ತಿತ್ತು. ಎರಡನೆಯದೂ ರಿಪೇರಿಯಣ್ಣನದಾಯಿತು. ಅವನು ಯಂತ್ರದ ಬೆನ್ನು ತಟ್ಟಿ, ಅದಕ್ಕೆ ಕೇಳಿಸುವ ಹಾಗೆ, "ಇನ್ನೊಂದೇ ಕಣೋ" ಎಂದ.

ಮೂರನೆಯದು ಊಟದ ಡಬ್ಬಿ.

ಹನ್ನೊಂದು ಜನ. ನಾಯಿ. ಏಳು ಭಂಗಿ. ತಾಳಿ ಇಲ್ಲ. ಬಣ್ಣದ ಮೇಲೆ ಬಣ್ಣ ಕೂತಿತ್ತು. ಯಂತ್ರದಲ್ಲಿ ಜಡೆಯವಳು ಹಾರಿದಾಗ ಅವಳ ನೆರಳು ಒಂದು ಕ್ಷಣ ಮಾಯವಾಗುವ ಒಂದು ಹಳೆಯ ದೋಷವಿತ್ತು. ಆ ದೋಷವನ್ನೂ ಬಿಡದೆ ತಂದು ಇಟ್ಟಿದ್ದರು. ರಿಪೇರಿಯಣ್ಣ ಎರಡು ಸಲ ಕಣ್ಣು ಉಜ್ಜಿಕೊಂಡ. ರಿಮೋಟು ಸರಿಯಿಲ್ಲ, ಹೆಬ್ಬೆರಳಲ್ಲಿ ಯಾರಾದರೂ ಯುದ್ಧ ಮಾಡುತ್ತಾರೆಯೇ ಎಂದು ತಕರಾರು ತೆಗೆದ. ಭಾವಮೈದ ಚೀಲಕ್ಕೆ ಕೈಹಾಕಿ, ಯಂತ್ರದಲ್ಲಿರುವಂಥದ್ದೇ ಕೋಲು ಮತ್ತು ಆರು ಗುಂಡಿಯ ಎರಡು ಹಲಗೆ ತೆಗೆದು ಟೀವಿಯ ಮುಂದೆ ಇಟ್ಟ. ಇಂಥ ದಿನಕ್ಕೆಂದೇ ಅವನು ಕಾದಿದ್ದಿರಬೇಕು.

"ಭಾವ, ಕಣ್ಣು ಮುಚ್ಚಿ. ತಿರುಗಿಸಿ ನಿಲ್ಲಿಸ್ತೀನಿ. ಕೈಯ ಸಂದೀಲಿ ಪರದೆ ಮಾತ್ರ ತೋರಿಸ್ತೀನಿ. ನಿಮ್ಮದು ಯಾವುದು ಹೇಳಿ. ಇದಾ?"

"ಹ್ಞೂಂ... ಅಲ್ಲ."

"ಅದಾ?"

"ಇದು. ಇದೇ ನನ್ನದು. ಇದರ ಹೊಳಪೇ ಬೇರೆ. ಹೆತ್ತ ಮಗು ಗುರುತು ಸಿಗಲ್ವೇನೋ?"

ಭಾವಮೈದ ಕೈ ತೆಗೆದ. ರಿಪೇರಿಯಣ್ಣ ಟೀವಿಯ ಮುಂದೆ ನಿಂತಿದ್ದ.

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ನಗುವುದಕ್ಕೆ ಹೋದಳೋ ಸಾರು ಕುದಿಯಿತೆಂದು ಹೋದಳೋ, ಒಳಗಿನಿಂದ ಬಂದ ಸದ್ದು ಸಾರಿನದಂತೂ ಅಲ್ಲ.

ಇಂಥ ಹೊತ್ತಿನಲ್ಲಿ ಮರ್ಯಾದಸ್ಥ ಮನುಷ್ಯ ಸುಮ್ಮನಾಗುತ್ತಾನೆ. ರಿಪೇರಿಯಣ್ಣ ಸುಮ್ಮನಾಗಲಿಲ್ಲ. "ಅಷ್ಟು ದೂರ ಇಟ್ಟು ಹೋಲಿಸಿದ್ರೆ ಹೀಗೇ ಆಗೋದು. ಯಂತ್ರಾನ ಟೀವಿ ಪಕ್ಕಕ್ಕೆ ತರೋಣ, ಹಿಡಿ," ಎಂದ. ಟೀವಿ ಇದ್ದದ್ದು ಅಡುಗೆಮನೆಯ ಬಾಗಿಲಿನ ಪಕ್ಕದ ಗೋಡೆಗೆ. ಇಬ್ಬರೂ ಬೆನ್ನಿಗೆ ಭುಜ ಕೊಟ್ಟು ತಳ್ಳಿದರು. ಹದಿನೆಂಟು ವರ್ಷ ಅಲುಗಾಡದ ಚಕ್ರಗಳು ಮೊದಲು ಕಿರುಗುಟ್ಟಿದವು, ಆಮೇಲೆ ಉರುಳಿದವು, ಆಮೇಲೆ ನಿಲ್ಲಲಿಲ್ಲ. ಆ ಮನೆಯ ನೆಲ ತೊಳೆದ ನೀರು ಹರಿಯಲೆಂದು ಅಡುಗೆಮನೆಯ ಕಡೆಗೆ ಇಳಿಜಾರು. ಎರಡು ಮೂಟೆ ಸಿಮೆಂಟು ಟೀವಿಯನ್ನು ದಾಟಿ, ಮುಖ ಮುಂದು ಮಾಡಿಕೊಂಡು, ಅಡುಗೆಮನೆಯ ಬಾಗಿಲಿಗೆ ನುಗ್ಗಿತು. ಮುಂದಿನ ಚಕ್ರಗಳು ಹೊಸ್ತಿಲು ಹತ್ತಿ ಆಚೆಗೆ ಧೊಪ್ಪೆಂದು ಬಿದ್ದವು. ಎರಡೂ ಪಕ್ಕ ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡಿತು. ಮುಖ ಅಡುಗೆಮನೆಯೊಳಗೆ, ಬೆನ್ನು ಹಾಲಿಗೆ. ಅಡುಗೆಮನೆಗೆ ಬೇರೆ ಬಾಗಿಲಿಲ್ಲ.

"ರೀ," ಎಂದು ಒಳಗಿನಿಂದ ತಣ್ಣನೆಯ ಧ್ವನಿ ಬಂತು. "ನಾನು ಒಳಗಿದೀನಿ."

"ಗೊತ್ತು ಕಣೇ. ಎರಡು ನಿಮಿಷ."

ಎರಡು ನಿಮಿಷ ಎಳೆದರು. ಇಪ್ಪತ್ತು ನಿಮಿಷ ಎಳೆದರು. ಭಾವಮೈದನ ಅಂಗಿಯ ಕಂಕುಳು ಹರಿಯಿತು. ಕೊನೆಗೆ ರಿಪೇರಿಯಣ್ಣ ಪಕ್ಕದ ಮನೆಯ ಬಾಗಿಲು ಬಡಿದು, "ಲೋ ಟೈಮೌಟ್, ಒಂಚೂರು ಬಾರೋ," ಎಂದು ಕೂಗಿದ.

ಟೈಮೌಟ್ ಎಂದರೆ ಪಕ್ಕದ ಮನೆಯ ಆಂಬ್ಯುಲೆನ್ಸ್ ಡ್ರೈವರು. ಅವನಿಗೆ ತಂದೆ ತಾಯಿ ಇಟ್ಟ ಹೆಸರೊಂದಿದೆ, ಯಾರೂ ಕರೆಯುವುದಿಲ್ಲ. ಶಾಲೆಗೆ ಹೋಗುವ ಕಾಲದಿಂದ ಅವನು ಆ ವಿಡಿಯೊ ಗೇಮ್ ಅಂಗಡಿಗೆ ಬಂದು ಇದೇ ಯಂತ್ರದ ಮುಂದೆ ನಿಲ್ಲುತ್ತಿದ್ದ. ರಿಪೇರಿಯಣ್ಣನ ಜೊತೆ ಆಡಿದಾಗಲೆಲ್ಲ, ಇವನ ಕೈ ಇನ್ನೇನು ಹದಕ್ಕೆ ಬಂತು ಎನ್ನುವಷ್ಟರಲ್ಲಿ ಅಂಕಿ ಸೊನ್ನೆಯಾಗಿ, ಟೈಮ್ ಮುಗಿಯಿತೆಂದು ಸೋಲುತ್ತಿದ್ದ. ಒಂದು ದಿನ ರಿಪೇರಿಯಣ್ಣ ಅಂಗಡಿ ತುಂಬ ಜನರಿದ್ದಾಗ ಇವನ ಹೆಗಲ ಮೇಲೆ ಕೈಹಾಕಿ, "ನಮ್ಮ ಟೈಮೌಟ್ ಬಂದ" ಎಂದ. ಅಷ್ಟೇ. ಆ ಹೆಸರು ಅವನ ಮದುವೆಯ ಮಂಟಪಕ್ಕೂ ಹೋಗಿತ್ತು.

ಡ್ರೈವರು ಬಂದು, ಮಲಗಿದ ರೋಗಿಯನ್ನು ನೋಡುವ ಹಾಗೆ ಯಂತ್ರವನ್ನು ಸುತ್ತಲೂ ನೋಡಿ, "ಎಳೆದ್ರೆ ಬರಲ್ಲ ಅಣ್ಣ. ಚೌಕಟ್ಟು ಬಿಚ್ಬೇಕು. ಬಡಗಿಗೆ ಫೋನ್ ಮಾಡಿದೀನಿ, ಊಟ ಮುಗಿಸಿ ಬರ್ತಾನಂತೆ," ಎಂದ.

ಒಳಗೆ ಕೂತವಳಿಗೆ ಹೊತ್ತು ಹೋಗಬೇಕಲ್ಲ. ಯಂತ್ರದ ವೈರು ಇನ್ನೂ ಹಾಲಿನ ಪ್ಲಗ್ಗಿನಲ್ಲಿತ್ತು, ಪರದೆ ಅವಳ ಮೂಗಿನ ಮುಂದೆ ಬೆಳಗುತ್ತಿತ್ತು. "ತಮ್ಮ, ನೀನು ಆ ಡಬ್ಬಿ ಶುರು ಮಾಡು. ನಾನು ಇಲ್ಲಿ ಇದನ್ನ ಶುರು ಮಾಡ್ತೀನಿ. ಕಣ್ಣಿಗೆ ಒಂದೇ ಥರ ಕಾಣತ್ತೆ ಅಂತ ಗೊತ್ತಾಯ್ತಲ್ಲ, ಆಡಕ್ಕೂ ಒಂದೇ ಥರ ಇದ್ಯಾ ನೋಡೋಣ. ಆಮೇಲೆ ತೀರ್ಪು."

ರಿಪೇರಿಯಣ್ಣ ಟವೆಲು ಬೀಸಿ, "ಶುರು," ಎಂದ. ಒಳಗೂ ಹೊರಗೂ ತೊಂಬತ್ತೊಂಬತ್ತು ಇಳಿಯತೊಡಗಿತು. ಒಳಗಿನಿಂದ ಗುಂಡಿಗಳ ಮೇಲೆ ಬಟ್ಟೆ ಒಗೆದ ಹಾಗೆ ಸದ್ದು. ಸ್ವಲ್ಪ ಹೊತ್ತಿಗೆ ಅವಳೇ ಹೇಳಿದಳು: "ಮುಗೀತು. ಸೊನ್ನೆ."

ಭಾವಮೈದ ಟೀವಿ ನೋಡಿದ. "ಇಲ್ಲಿ ಇನ್ನೂ ಮೂವತ್ತೇಳು ಇದೆ ಅಕ್ಕ."

ರಿಪೇರಿಯಣ್ಣನ ಮೈಗೆ ಜೀವ ಬಂತು. "ಸಿಕ್ಕಿಬಿತ್ತು. ನೋಡಿ, ಎಲ್ರೂ ನೋಡಿ. ಡಬ್ಬಿಯ ಗಡಿಯಾರ ಸೋಮಾರಿ. ಹೊಡೆದಾಟ ಅಂದ್ರೆ ಹೊಡೆದಾಟ, ಕಾಫಿ ಕುಡೀತಾ ಗುದ್ದೋದಲ್ಲ. ಅಸಲಿ ಯಂತ್ರದ ಓಟಾನೇ ಬೇರೆ. ಮೂರಕ್ಕೆ ಮೂರೂ ನಕಲು ಅಂತ ಸಾಬೀತಾಯ್ತು. ಯಂತ್ರ ಇಲ್ಲೇ ಇರತ್ತೆ. ತೀರ್ಪು ಕೊಡೇ."

"ತಾಳಿ. ಸೋಮಾರಿ ಯಾವುದು, ಕಳ್ಳ ಯಾವುದು ಅಂತ ಮೊದಲು ಗೊತ್ತಾಗ್ಲಿ," ಅಂದಳು ಹೆಂಡತಿ. "ಇನ್ನೊಂದ್ಸಲ ಶುರು ಮಾಡಿ. ನನ್ನ ಕೈಗಡಿಯಾರ ಇಟ್ಕೊಂಡು ನೋಡ್ತೀನಿ."

ಆ ಕೈಗಡಿಯಾರದ ವಿಷಯ ರಿಪೇರಿಯಣ್ಣನಿಗೆ ಚೆನ್ನಾಗಿ ಗೊತ್ತು. ಕಾರ್ಖಾನೆಯಲ್ಲಿ ಊಟದ ಗಂಟೆಗೆ ಗೋಡೆಯ ಗಡಿಯಾರ ನಾಲ್ಕು ನಿಮಿಷ ಮುಂದೆ ಓಡುತ್ತದೆಂದು ಹಿಡಿದವಳು ಇವಳೇ. ಆ ನಾಲ್ಕು ನಿಮಿಷಕ್ಕಾಗಿ ಆರುನೂರು ಹೆಂಗಸರು ಹತ್ತೊಂಬತ್ತು ದಿನ ಗೇಟಿನ ಮುಂದೆ ಕೂತಿದ್ದರು. ರಿಪೇರಿಯಣ್ಣನೂ ಹೋಗಿ ಕೂತಿದ್ದ. ಡ್ರಮ್ಮಿನ ಮೇಲೆ ಹತ್ತಿ, "ಗಡಿಯಾರದ ಮುಳ್ಳು ತಿರುಗಿಸಿದ ಕೈ ಯಾವುದು, ಅದನ್ನ ನಮಗೆ ತೋರಿಸಿ" ಎಂದು ಗಂಟಲು ಹರಿಯುವ ಹಾಗೆ ಕೂಗಿ, ಮೂರು ದಿನ ಮಾತು ಬಾರದೆ ಸನ್ನೆ ಮಾಡಿಕೊಂಡು ಓಡಾಡಿದ್ದ.

ಅಳೆದಾಯಿತು. ಟೀವಿಯ ಡಬ್ಬಿಯಲ್ಲಿ ತೊಂಬತ್ತೊಂಬತ್ತು ಸೊನ್ನೆಯಾಗಲು ಎಪ್ಪತ್ತೆಂಟು ಸೆಕೆಂಡು. ಯಂತ್ರದಲ್ಲಿ ನಲವತ್ತೊಂಬತ್ತು.

"ಅಕ್ಕ," ಎಂದು ಭಾವಮೈದ ಡಬ್ಬಿಯಲ್ಲಿ ಏನೇನೋ ಒತ್ತಿ ನೋಡಿದ. "ಇದರೊಳಗೆ ಗಡಿಯಾರಕ್ಕೆ ಮೂರು ಥರ ಕೊಟ್ಟಿದಾರೆ. ನಿಧಾನ, ಸಾಧಾರಣ, ವೇಗ. ಈಗಿರೋದು ಸಾಧಾರಣ. ವೇಗಕ್ಕೆ ಹಾಕ್ತೀನಿ, ನೋಡು." ಹಾಕಿದ. ಒಳಗೂ ಹೊರಗೂ ಒಟ್ಟಿಗೆ ಸೊನ್ನೆಯಾಯಿತು. "ಡಬ್ಬಿ ಸರಿಯಾಗೇ ಇದೆ. ಭಾವನ ಯಂತ್ರಾನೇ ಯಾರೋ ವೇಗಕ್ಕೆ ಇಟ್ಟಿದಾರೆ."

"ತಯಾರಿಸಿದವರೇ ಹಾಗೆ ಕಳಿಸಿರ್ಬೇಕು," ಅಂದ ರಿಪೇರಿಯಣ್ಣ. ಧ್ವನಿ ಸ್ವಲ್ಪ ಕೆಳಗಿಳಿದಿತ್ತು.

"ಯಂತ್ರದ ಬೆನ್ನಿನ ಬಾಗಿಲು ತೆಗೀಪ್ಪ ತಮ್ಮ. ಅದು ನಿಮ್ಮ ಕಡೆಗೇ ಇದೆಯಲ್ಲ."

"ಅದರ ಕೀ ಕಳೆದುಹೋಗಿದೆ," ಎಂದ ರಿಪೇರಿಯಣ್ಣ.

"ಅವರ ಎಡಗಡೆ ಜೇಬಲ್ಲಿದೆ. ನೆನ್ನೆ ಪ್ಯಾಂಟು ಒಗೀವಾಗ ತೆಗೆದು, ಬೆಳಗ್ಗೆ ಮತ್ತೆ ಅಲ್ಲೇ ಹಾಕಿಟ್ಟೆ."

ರಿಪೇರಿಯಣ್ಣ ಬಾಗಿಲಿಗೆ ಅಡ್ಡ ನಿಂತ. ಧೂಳು ಅಂದ. ಕರೆಂಟು ಹೊಡೆಯುತ್ತದೆ ಅಂದ. ಒಳಗೆ ಜೇಡ ಇದೆ ಅಂದ. ಹೆಂಡತಿ ಯಂತ್ರದ ಆಚೆಯಿಂದ, "ನಾಲ್ಕನೇ ನಿಯಮ ಏನು ಬರೆದಿದೀರಿ? ಕೆಳಗೆ ಎರಡು ಗೆರೆ ಎಳೆದಿದೀರಲ್ಲ, ಅದು," ಎಂದಳು. ಕೀ ಕೊಟ್ಟ.

ಬಾಗಿಲು ತೆರೆಯಿತು. ಒಳಗೆ ಹಸಿರು ಬೋರ್ಡು, ಅದರ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಎಂಟು ಸ್ವಿಚ್ಚುಗಳ ಸಾಲು. ಬಾಗಿಲಿನ ಒಳಮೈಗೆ ಅಂಟಿಸಿದ ಒಂದು ಹಳದಿ ಚೀಟಿ. ರಿಪೇರಿ ಮಾಡಿದವನು ಏನು ಮಾಡಿದೆನೆಂದು ಬರೆದಿಡುವ ಚೀಟಿ. ಅಚ್ಚುಕಟ್ಟು ಕೆಲಸಗಾರ ರಿಪೇರಿಯಣ್ಣ, ಬರೆಯದೆ ಬಿಟ್ಟವನಲ್ಲ. ಗುಂಡಗಿನ ಅಕ್ಷರ, ದೀರ್ಘಕ್ಕೆ ಉದ್ದನೆಯ ಬಾಲ. ಭಾವಮೈದ ಕನ್ನಡಕ ಮೇಲೇರಿಸಿ, ಅಂಗಡಿಯಲ್ಲಿ ಅಕ್ಷರದ ಫಲಕ ಓದಿಸುವ ಧಾಟಿಯಲ್ಲಿ ತಾನೇ ಓದಿದ.

"ಆಟದ ಕಷ್ಟ: ಏಳು. ಏಟಿನ ಜೋರು: ಗರಿಷ್ಠ. ಗಡಿಯಾರ: ವೇಗ. ಮಾಲೀಕರ ಮಾತಿನ ಮೇರೆಗೆ ಬದಲಿಸಿದೆ. ಕಾರಣ: ಆಟ ಬೇಗ ಮುಗಿಯಬೇಕು, ಮುಂದಿನ ಕಾಯಿನ್ ಬೇಗ ಬೀಳಬೇಕು. ಕೆಳಗೆ ಸಹಿ. ಭಾವ, ಇದು ನಿಮ್ಮ ಸಹಿ ಅಲ್ವಾ? ಕ್ಯಾಲೆಂಡರ್ ಹಾಳೆ ಮೇಲೂ ಇದೇ ಬಾಲ ಇದೆ. ಇದಾ, ಅದಾ? ಎರಡೂ ಒಂದೇ."

ಸಾರಿನ ಪಾತ್ರೆಯ ಮುಚ್ಚಳ ಒಳಗೆ ತಕತಕ ಎನ್ನುತ್ತಿತ್ತು.

ಭಾವಮೈದ ವೇಗ ಎನ್ನುವವರೆಗೂ ರಿಪೇರಿಯಣ್ಣ ಆ ಚೀಟಿ ಬರೆದ ದಿನವನ್ನು ನಿಜವಾಗಿಯೂ ಮರೆತಿದ್ದ, ಕಡ್ಡಿಪೆಟ್ಟಿಗೆ ಎಲ್ಲಿಟ್ಟೆನೆಂದು ಮರೆಯುವ ಹಾಗೆ. ಮಾಲೀಕ ಹೇಳಿದ್ದ, ಇವನು ಬೆಂಕಿಕಡ್ಡಿಯ ತುದಿಯಿಂದ ಮೂರು ಸ್ವಿಚ್ಚು ತಿರುಗಿಸಿದ್ದ. ಅರ್ಧ ನಿಮಿಷದ ಕೆಲಸ. ಆದರೆ ಕೈ ಮರೆತಿರಲಿಲ್ಲ. ಆಟ ಶುರುವಾದ ಕೂಡಲೇ ಎದುರಾಳಿಗೆ ಒಂದು ಏಟು ಕೊಟ್ಟು, ಆಮೇಲೆ ಹಾರಿ ಹಾರಿ ತಪ್ಪಿಸಿಕೊಳ್ಳುವುದು. ಗಡಿಯಾರ ಓಡುತ್ತದೆಂದು ಗೊತ್ತಿದ್ದವನು ಗೆಲ್ಲುವುದು. ಪೇಟೆಯಲ್ಲಿ ಯಾರೂ ಸೋಲಿಸಲಾಗದ ಜಟ್ಟಿಯ ಗುಟ್ಟು ಅಷ್ಟೇ.

"ಮಾಡು ಅಂದ್ರು, ಮಾಡ್ದೆ," ಎಂದ. "ನನ್ನ ಸಂಬಳಾನೇ ಸರಿಯಾಗಿ ಕೊಡ್ತಿರ್ಲಿಲ್ಲ."

"ಗೋಡೆ ಗಡಿಯಾರ ತಿರುಗಿಸಿದವನೂ ಅದನ್ನೇ ಹೇಳ್ದ," ಅಂದಳು ಹೆಂಡತಿ. ಧ್ವನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿರುತ್ತಿತ್ತು.

ಡ್ರೈವರು ನೆಲದ ಮೇಲೆ ಕೂತ. "ಅಣ್ಣ, ಕಂಟ್ರೋಲ್ ರೂಮಿನವರು ವೈರ್‌ಲೆಸ್ಸಲ್ಲಿ ನನ್ನ ಏನಂತ ಕರೀತಾರೆ ಗೊತ್ತಾ? 'ಟೈಮೌಟ್, ಟೈಮೌಟ್, ಎಲ್ಲಿದೀಯ?' ಹಿಂದೆ ಪೇಷೆಂಟು ಮಲಗಿರ್ತಾನೆ. ಕೇಳಿಸ್ಕೋತಾನೆ. ಮೊನ್ನೆ ಒಬ್ಬರು ಅಜ್ಜ ಸೂಜಿ ಕಿತ್ಕೊಂಡು ಇಳಿಯಕ್ಕೆ ಹೋದ್ರು."

ಭಾವಮೈದ ನಗು ತಡೆಯಲು ಗೋಡೆಯ ಕಡೆ ತಿರುಗಿದ.

"ನಾನು ನಿಧಾನ ಅಂದ್ಕೊಂಡಿದ್ದೆ ಅಣ್ಣ. ಎಲ್ಲದರಲ್ಲೂ. ಗಾಡಿ ಓಡಿಸುವಾಗಲೂ ಒಂದು ಅಳುಕು, ನನ್ನ ಕೈ ನಿಧಾನ, ತಲುಪಲ್ಲ ಅಂತ. ಇಷ್ಟು ವರ್ಷ. ನಿಧಾನ ನಾನಲ್ಲ, ಗಡಿಯಾರ ಕಳ್ಳ."

"ಬಿಡೋ, ಹಳೇ ಕಥೆ," ಎಂದು ರಿಪೇರಿಯಣ್ಣ ಗೊಣಗಿದ.

"ಬಿಡಲ್ಲ," ಎಂದಳು ಹೆಂಡತಿ. "ಬಡಗಿ ಬಂದ್ರೂ ಚೌಕಟ್ಟು ಮುಟ್ಟೋ ಹಾಗಿಲ್ಲ. ನಾನು ಇಲ್ಲೇ ಕೂತಿರ್ತೀನಿ. ಅಡುಗೆ ಆಗಿದೆ, ಈಚೆಗೆ ಬರಲ್ಲ. ಮೊದಲು ಅವನ ಜೊತೆ ಆಡಿ. ಸರಿಯಾದ ಗಡಿಯಾರದಲ್ಲಿ."

ಸರಿಯಾದ ಗಡಿಯಾರ ಇದ್ದದ್ದು ಡಬ್ಬಿಯಲ್ಲಿ. ಯಂತ್ರದ ಕೋಲು ಅಡುಗೆಮನೆಯಲ್ಲಿತ್ತು. ಹಾಗಾಗಿ, ಕೈಕಾಲು ಕತ್ತರಿಸಿದ ನಕಲೆಂದು ಬೆಳಗ್ಗೆಯಿಂದ ಉಗಿದು ಉಪ್ಪಿನಕಾಯಿ ಹಾಕಿದ್ದ ಅದೇ ಊಟದ ಡಬ್ಬಿಯ ಮುಂದೆ, ಭಾವಮೈದನ ಹಲಗೆ ತೊಡೆಯ ಮೇಲಿಟ್ಟುಕೊಂಡು ರಿಪೇರಿಯಣ್ಣ ಕೂತ. ಪಕ್ಕದಲ್ಲಿ ಡ್ರೈವರು. ಗಡಿಯಾರ ಸಾಧಾರಣಕ್ಕೆ ಬಂತು.

ಶುರುವಾದ ಕೂಡಲೇ ರಿಪೇರಿಯಣ್ಣ ಅಭ್ಯಾಸದಂತೆ ಒಂದು ಏಟು ಕೊಟ್ಟು ಹಾರತೊಡಗಿದ. ಹಾರಿದ. ಹಾರಿದ. ಅಂಕಿ ಇಳಿಯಲೊಲ್ಲದು. ಹಿಂದೆ ಹನ್ನೊಂದು ಜನ ಕೈಬೀಸುತ್ತ ನೋಡುತ್ತಿದ್ದರು. ಇಷ್ಟು ವರ್ಷ ಒಂದು ಮೂಲೆಯಲ್ಲೂ ಸಿಕ್ಕದೆ ಓಡಾಡಿದ ಜಟ್ಟಿ ಈ ಸಲ ಮೂಲೆಯಲ್ಲಿ ಸಿಕ್ಕಿದ. ಡ್ರೈವರು ಅವಸರ ಮಾಡಲಿಲ್ಲ. ಒಂದು, ಎರಡು, ಮೂರು ಎಂದು ಬಟ್ಟೆ ಮಡಿಸುವ ಹಾಗೆ ಮಡಿಸಿ ಮಲಗಿಸಿದ.

"ಎಷ್ಟು ಉಳಿದಿತ್ತು?" ಎಂದು ಒಳಗಿನಿಂದ ಕೇಳಿದಳು.

"ಇಪ್ಪತ್ತಾರು, ಅತ್ತಿಗೆ," ಎಂದ ಡ್ರೈವರು.

"ಇನ್ನೊಂದು," ಎಂದ ರಿಪೇರಿಯಣ್ಣ. ಇನ್ನೊಂದಾಯಿತು. ಮೂವತ್ತೊಂದು ಉಳಿದಿತ್ತು. ಮೂರನೆಯದರಲ್ಲಿ ನಲವತ್ತು. ನಾಲ್ಕನೆಯದನ್ನು ಅವನು ಕೇಳಲಿಲ್ಲ.

ಡ್ರೈವರು ಹಲಗೆ ಕೆಳಗಿಟ್ಟು ಎದ್ದು ನಿಂತ. "ಕಾಯಿನ್ ವಾಪಸ್ ಬೇಡ ಅಣ್ಣ. ಹೆಸರು ವಾಪಸ್ ತಗೊಳ್ಳಿ. ಅಂಗಡಿ ತುಂಬ ಜನ ಇದ್ದಾಗ ಇಟ್ರಿ. ಹಾಗೇ ಜನರ ಎದುರಿಗೇ ತಗೊಳ್ಳಿ."

ರಿಪೇರಿಯಣ್ಣ ಯಂತ್ರದ ಬೆನ್ನು ನೋಡಿದ. ಅದರಾಚೆ ಹೆಂಡತಿ ಕೂತೇ ಇದ್ದಳು. ಬೇರೆ ದಾರಿ ಇರಲಿಲ್ಲ. ವರಾಂಡಕ್ಕೆ ಹೋಗಿ ನಿಂತ. ಡ್ರಮ್ಮಿನ ಮೇಲೆ ಹತ್ತಿ ಕೂಗಿದ ಗಂಟಲಿನಿಂದ ಈಗ ಕೆಮ್ಮಿನಷ್ಟೇ ಧ್ವನಿ ಬಂತು. ಬೀದಿಯಲ್ಲಿ ಹಾಲಿನವಳು, ಇಸ್ತ್ರಿಯವನು, ಎದುರು ಮನೆಯ ಟೀಚರು, ಊಟ ಮುಗಿಸಿ ಉಳಿಯ ಚೀಲ ಹಿಡಿದು ಬರುತ್ತಿದ್ದ ಬಡಗಿ, ಎಲ್ಲರೂ ನಿಂತರು. ಅವನು ಹೇಳಿದ. ಗಡಿಯಾರ ತಿರುಗಿಸಿದ್ದು ನಾನು, ಸೋತದ್ದು ಇವನ ತಪ್ಪಲ್ಲ, ಆ ಹೆಸರು ಇವತ್ತಿನಿಂದ ರದ್ದು.

ಇಸ್ತ್ರಿಯವನು ಎಲ್ಲ ಕೇಳಿಸಿಕೊಂಡು ತಲೆ ಕೆರೆದುಕೊಂಡ. "ಅಷ್ಟು ಒಳ್ಳೇ ಹೆಸರು ಅಣ್ಣ. ಸುಮ್ನೆ ಹಾಳಾಗ್ಬಾರ್ದು. ಖಾಲಿ ಇದ್ರೆ ನೀವೇ ಇಟ್ಕೊಳ್ಳಿ."

ಸಂಜೆಗೆ ಚೌಕಟ್ಟು ಬಿಚ್ಚಿದರು. ಹೆಂಡತಿ ಈಚೆ ಬಂದು, ಮೊದಲು ಎಲ್ಲರಿಗೂ ಊಟ ಬಡಿಸಿ, ಆಮೇಲೆ ಕ್ಯಾಲೆಂಡರಿನ ಹಾಳೆ ತೆಗೆದು ತೀರ್ಪು ಓದಿದಳು. "ಯಂತ್ರಕ್ಕೂ ಪೆಟ್ಟಿಗೆಗೂ ವ್ಯತ್ಯಾಸ ಇದೆ ಅಂತ ಸಾಬೀತಾಗಿದೆ. ಮೂರಕ್ಕೆ ಮೂರೂ ಇವರೇ ಗೆದ್ದಿದಾರೆ. ಮೂರನೇದರಲ್ಲಿ ವ್ಯತ್ಯಾಸ ಗಡಿಯಾರದ್ದು, ಅದನ್ನ ಮಾಡಿದ್ದೂ ಇವರೇ. ಬರೆದುಕೊಟ್ಟ ಹಾಗೆ ಯಂತ್ರ ಮನೇಲೇ ಇರತ್ತೆ. ಮನೆ ಅಂದ್ರೆ ವರಾಂಡಾನೂ ಸೇರಿ. ಅಲ್ಲಿಡಿ. ಬೆನ್ನು ಬೀದಿ ಕಡೆಗೆ. ಬಾಗಿಲು ತೆಗೆದೇ ಇರಲಿ."

"ಚೀಟಿ ಕಿತ್ತುಬಿಡ್ಲಾ?" ಎಂದು ರಿಪೇರಿಯಣ್ಣ ಮೆಲ್ಲಗೆ ಕೇಳಿದ.

"ಸಾಕ್ಷಿ," ಎಂದಳು.

ಯಂತ್ರ ಈಗ ವರಾಂಡದಲ್ಲಿದೆ. ಹೋಗಿ ಬರುವವರೆಲ್ಲ ನಿಂತು ಓದುತ್ತಾರೆ, ಅಕ್ಷರ ಮುದ್ದಾಗಿದೆ ಎನ್ನುತ್ತಾರೆ. ಸ್ವಿಚ್ಚುಗಳನ್ನು ರಿಪೇರಿಯಣ್ಣನೇ ಬೆಂಕಿಕಡ್ಡಿಯಿಂದ ಸರಿಮಾಡಿದ. ಈ ಸಲವೂ ಅರ್ಧ ನಿಮಿಷವೇ ಹಿಡಿಯಿತು.

ನೀವು ಇಲ್ಲಿವರೆಗೂ ನಕ್ಕಿರಿ, ನಗಿ, ಬೇಡವೆನ್ನುವುದಿಲ್ಲ. ಆದರೆ ನೀವೂ ಎಲ್ಲೋ ಒಂದು ಕಡೆ ಸಂಬಳಕ್ಕೆ ದುಡಿದವರೇ. ಮೇಲಿನವನು ಮಾಡು ಅಂದ, ನೀವು ಮಾಡಿದಿರಿ. ಯಾವುದೋ ಬಾಗಿಲಿನ ಒಳಮೈಗೆ ನಿಮ್ಮ ಕೈಬರಹದ ಚೀಟಿಯೂ ಒಂದು ಅಂಟಿಕೊಂಡಿದೆ. ಈಗಲೇ ಎದ್ದು ಹೋಗಿ ಅದನ್ನು ತೆಗೆಯಿರಿ. ಮನಸ್ಸಿನಲ್ಲೇ ಓದಿಕೊಳ್ಳಬೇಡಿ. ಹೊರಗೆ ಬಂದು, ಬೀದಿಗೆ ಕೇಳುವ ಹಾಗೆ ಓದಿ.